ಕಾಲುವೆಯ ಮೇಲ್ಭಾಗದವರನ್ನೂ ಕೊನೆ ಭಾಗದವರನ್ನೂ ಒಂದೇ ಸಭೆಯಲ್ಲಿ ಮಾತಾಡಿಸುವುದು ಹೇಗೆ?

ಸಿಂಧನೂರು ಕಡೆಯ ನಿಮ್ಮ ಊರುಗಳಲ್ಲಿ ನೀರಿನ ಸಭೆ ಕರೆದರೆ ಜಗಳವಾಗಿಯೇ ಮುಗಿಯುತ್ತದೆ, ಎಲ್ಲರ ಅಭಿಪ್ರಾಯ ಹೊರಬರುವುದು ಹೇಗೆ, ಮುಖಂಡರನ್ನು ಕರೆಯಬೇಕೇ ಎಂದು ಕೇಳಿದ್ದೀರಿ. ನಾನು ಮಾನ್ವಿ ತಾಲ್ಲೂಕಿನವನು, ತುಂಗಭದ್ರಾ ಎಡದಂಡೆ ನಾಲೆಯ ಒಂದು ನೀರು ಬಳಕೆದಾರರ ಸಹಕಾರ ಸಂಘದಲ್ಲಿದ್ದೇನೆ. ಅಂದರೆ ಕೊನೆ ಭಾಗದವನು. ನನ್ನ ಮಾತಿನಲ್ಲಿ ಆ ಪಕ್ಷಪಾತ ಕಂಡರೆ ಅಷ್ಟನ್ನು ಕಳೆದು ಓದಿಕೊಳ್ಳಿ.

ಸಭೆಗೆ ಕರೆಯುವ ಮೊದಲು ಗೇಜ್, ಅಂದರೆ ಕಾಲುವೆ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ, ನೋಡಲು ಕರೆಯಿರಿ. ಮೇಲಿನ ಊರಿನ ಇಬ್ಬರು, ಕೆಳಗಿನ ಊರಿನ ಇಬ್ಬರು, ಜೊತೆಗೆ ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್. ಉಪಕಾಲುವೆಯ ತಲೆಯಲ್ಲಿರುವ ಅಳತೆಪಟ್ಟಿಯ ಪಾಚಿ ಒರೆಸಿ, ಅಂಕಿ ಓದಿ, ಮೊಬೈಲ್‌ನಲ್ಲಿ ಚಿತ್ರ ತೆಗೆದು, ನಾಲ್ವರೂ ಒಂದೇ ಪುಸ್ತಕದಲ್ಲಿ ಸಹಿ ಹಾಕಲಿ. ಬೆಳಗ್ಗೆಯೂ ಸಂಜೆಯೂ ಓದಬೇಕು. ಕಾಲುವೆಯಿಂದ ಕದ್ದು ನೀರೆತ್ತುವ ಜಾಲಿ ಮರೆಯ ಪಂಪ್‌ಸೆಟ್‌ಗಳು ರಾತ್ರಿ ಓಡಿದ್ದರೆ ಮುಂದಿನ ಗೇಜ್‌ನಲ್ಲಿ ಬೆಳಗಿನ ಅಂಕಿಯೇ ಅದನ್ನು ಹೇಳುತ್ತದೆ, ಯಾರೂ ಯಾರ ಹೆಸರನ್ನೂ ಎತ್ತಬೇಕಿಲ್ಲ. ‘ನೀರು ಬಂದಿತ್ತು’, ‘ಬರಲೇ ಇಲ್ಲ’ ಎಂಬ ಗಲಾಟೆ ಅಲ್ಲಿಗೆ ನಿಲ್ಲುತ್ತದೆ. ಉಳಿಯುವುದು ನಿಜವಾದ ಭಿನ್ನಾಭಿಪ್ರಾಯ.

ಅದು ಸಣ್ಣದಲ್ಲ. ಮೇಲ್ಭಾಗದವರು ಹೂಳಿನ ಲೆಕ್ಕ ತೆಗೆಯುತ್ತಾರೆ: ಮೊದಲು ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ 105.788ಕ್ಕೆ ಇಳಿದಿದೆ, ಸಾಲದ್ದಕ್ಕೆ 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ನಾವು ಬೆಳೆ ಪದ್ಧತಿಯ ಮಾತೆತ್ತುತ್ತೇವೆ: ಈ ನಾಲೆ ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಮಿತ ನೀರಾವರಿ ಬೆಳೆಗೆ ಆದದ್ದು, ಗಂಗಾವತಿಯಿಂದ ಸಿಂಧನೂರಿನವರೆಗೆ ಭತ್ತ ತುಂಬಿಕೊಂಡರೆ ನಮಗೆಲ್ಲಿಯ ನೀರು? ಇಬ್ಬರದೂ ಸುಳ್ಳಲ್ಲ, ತೊಡಕಿರುವುದೇ ಅಲ್ಲಿ.

ಇಂಥಲ್ಲಿ ‘ಭತ್ತ ಏಕೆ ಹಾಕಿದಿರಿ’ ಎಂದು ಕೇಳಿದರೆ ಸಭೆ ಕೆಟ್ಟಿತು. ‘ಭತ್ತ ಬಿಡಲು ನಿಮಗೆ ಏನು ಅಡ್ಡಿ’ ಎಂದು ಕೇಳಿ. ಸುತ್ತ ಗದ್ದೆ ಇರುವಾಗ ನಡುವಿನ ಒಬ್ಬನೇ ಹತ್ತಿ ಹಾಕಿದರೆ ಬಸಿನೀರಿಗೆ ಬೇರು ಕೊಳೆಯುತ್ತದೆ ಎಂದು ಒಬ್ಬ ರೈತರು ಹೇಳಿದಾಗ ನಮ್ಮ ಕಡೆಯವರೂ ಸುಮ್ಮನಾದರು. ಒಬ್ಬೊಬ್ಬರಾಗಿ ಬಿಡುವ ಬೆಳೆಯಲ್ಲ ಅದು, ಒಂದು ತೂಬಿನ ಕೆಳಗಿನವರೆಲ್ಲ ಕೂಡಿಯೇ ಬಿಡಬೇಕು.

ಪಹಣಿ ನೋಡಿ ಪಟ್ಟಿ ಮಾಡಿದರೆ ಗುತ್ತಿಗೆಗೆ ಉಳುವವರು ಬಿಟ್ಟುಹೋಗುತ್ತಾರೆ, ನೀರು ಕಟ್ಟುವವರು ಹೆಚ್ಚಾಗಿ ಅವರೇ. ಕಾಲುವೆ ನೀರಿನಿಂದ ತುಂಬುವ ಕುಡಿಯುವ ನೀರಿನ ಕೆರೆ ಬೇಸಿಗೆಗೆ ಎಷ್ಟು ದಿನ ಬರುತ್ತದೆ ಎಂಬುದನ್ನು ಕೊಡ ಹೊರುವ ಹೆಂಗಸರು ನಿಖರವಾಗಿ ಹೇಳಬಲ್ಲರು. ಗಂಡಸರು ತುಂಬಿದ ಸಭೆಯಲ್ಲಿ ಅವರು ಬಾಯಿ ಬಿಡುವುದಿಲ್ಲ. ಸಂಜೆ ಕೆರೆ ಏರಿಯ ಮೇಲೆಯೇ ಹೋಗಿ ಕೇಳಿ.

ನಾಟಿ ಸಮಯದಲ್ಲಿ ಸಭೆ ಬೇಡ. ಕಾಲುವೆಗೆ ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿ ಸೇರುವ ಮೊದಲೇ ಮುಗಿಸಿ, ಯಾವ ಊರಿನವರು ಏನೆಂದರು ಎಂಬುದನ್ನು ಬೇರೆಬೇರೆಯಾಗಿ ಬರೆದು ಆ ಸಮಿತಿಗೆ ಕಳಿಸಿ. ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂಬ ಸಾಲನ್ನು ಮಾತ್ರ ದಯವಿಟ್ಟು ಬರೆಯಬೇಡಿ.

ಮುಖಂಡರನ್ನು ಮೊದಲ ಸಭೆಗೆ ಕರೆಯಬೇಡಿ. ಎರಡನೆಯದಕ್ಕೆ ಬರಲಿ, ವೇದಿಕೆ ಹಾಕಿಸಬೇಡಿ. ಹಾರ-ತುರಾಯಿ ಶುರುವಾದರೆ ಆ ದಿನ ನೀರಿನ ಮಾತು ಬರುವುದಿಲ್ಲ.