ಮಂಜು ಬಿಳಿಯಾಗಿರಲಿ, ಕುಪ್ಯ ಕಪ್ಪಾಗಿರಲಿ

ಪ್ರಶ್ನೆ: ಹೊಸದಾಗಿ ಕ್ಯಾಮೆರಾ ಕೊಂಡಿದ್ದೇನೆ. ಮಡಿಕೇರಿಯ ರಾಜಾಸೀಟಿನಲ್ಲಿ ಬೆಳಗಿನ ಮಂಜು ಕಣ್ಣಿಗೆ ಹಾಲಿನಂತಿತ್ತು, ಫೋಟೋದಲ್ಲಿ ಬೂದಿ ಕಲಸಿದ ನೀರಿನ ಹಾಗಿದೆ. ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ದಿನ ಕುಪ್ಯ (ಕೊಡವರ ಉದ್ದನೆಯ ಕಪ್ಪು ಕೋಟು) ತೊಟ್ಟ ಅಜ್ಜನನ್ನು ತೋಟದ ಮರದಡಿ ನಿಲ್ಲಿಸಿ ತೆಗೆದೆ. ಕುಪ್ಯ ಮಾಸಿದಂತೆ ಬಂದಿದೆ, ಅಜ್ಜನ ಮುಖದ ತುಂಬ ಬಿಳಿ ಮಚ್ಚೆ. ಕ್ಯಾಮೆರಾವೇ ಸರಿ ಇಲ್ಲವೇ?
– ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಕ್ಯಾಮೆರಾ ಸರಿಯಾಗಿಯೇ ಇದೆ, ವಾಪಸ್ ಕೊಡಲು ಹೋಗಬೇಡಿ. ಎದುರಿಗಿರುವುದು ಮಂಜೋ ಕುಪ್ಯವೋ ಅದರ ಮೀಟರಿಗೆ ಗೊತ್ತಾಗುವುದಿಲ್ಲ. ಬೆಳಕನ್ನಷ್ಟೇ ಅಳೆದು ಎಲ್ಲವನ್ನೂ ನಡುಬೂದು ಬಣ್ಣಕ್ಕೆ ಎಳೆಯುತ್ತದೆ. ಬಿಳಿ ಹೆಚ್ಚಿದ್ದರೆ ತಗ್ಗಿಸುತ್ತದೆ, ಕಪ್ಪು ಹೆಚ್ಚಿದ್ದರೆ ಏರಿಸುತ್ತದೆ. ಅದನ್ನು ತಿದ್ದಲೆಂದೇ ಕ್ಯಾಮೆರಾದಲ್ಲಿ ‘+/−’ ಗುರುತಿನ ಗುಂಡಿ ಇರುತ್ತದೆ. ಮಂಜಿಗೆ +0.7ರಿಂದ +1, ಕುಪ್ಯ ಚೌಕಟ್ಟು ತುಂಬಿದ್ದರೆ −0.7 ಇಟ್ಟು ನೋಡಿ. ಮೊಬೈಲಿನಲ್ಲಾದರೆ ಪರದೆ ಮುಟ್ಟಿದಾಗ ಕಾಣುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದರಾಯಿತು.

ಆದರೆ ಮುಖದ ಮಚ್ಚೆಗೆ ಯಾವ ಗುಂಡಿಯೂ ಇಲ್ಲ. ಸಿಲ್ವರ್ ಓಕ್ ಎಲೆಗಳ ಸಂದಿಯಿಂದ ಬಿದ್ದ ಬಿಸಿಲು ಅದು. ಅಜ್ಜನನ್ನು ಐನ್‌ಮನೆಯ (ಕುಟುಂಬದ ಮೂಲಮನೆಯ) ಕೈಯಾಲೆಗೆ, ಅಂದರೆ ಮುಂದಿನ ಜಗಲಿಗೆ, ಕರೆತನ್ನಿ. ಕಂಬದಿಂದ ಎರಡು ಹೆಜ್ಜೆ ಒಳಗೆ, ಅಂಗಳದ ಕಡೆ ಮುಖ ಮಾಡಿ ಕೂರಿಸಿ. ನೆತ್ತಿಯ ಬಿಸಿಲನ್ನು ಸೂರು ತಡೆಯುತ್ತದೆ, ಅಂಗಳದ ಬೆಳಕು ಎದುರಿನಿಂದ ಮೆತ್ತಗೆ ಬರುತ್ತದೆ. ಈಗ ಅವರ ಕಣ್ಣು ನೋಡಿ: ಗುಡ್ಡೆಯಲ್ಲಿ ಅಂಗಳದ ಬೆಳಕಿನದೊಂದು ಚಿಕ್ಕ ಬಿಳಿ ಚುಕ್ಕೆ ಕಾಣಬೇಕು. ಕಾಣದಿದ್ದರೆ ಗಲ್ಲ ತುಸು ಎತ್ತಲು ಹೇಳಿ. ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ. ಸ್ವಲ್ಪ ಓರೆಗೆ ತಿರುಗಿಸಿದರೆ ಕೆನ್ನೆಯ ಸುಕ್ಕೂ ಸೊಂಟದ ಪೀಚೆಕತ್ತಿಯ (ಕಠಾರಿಯ) ಬೆಳ್ಳಿಯೂ ಎದ್ದು ಬರುತ್ತವೆ. ಹಬ್ಬ ಬರುವ ಸೆಪ್ಟೆಂಬರ್ 3ಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಮೋಡ ಇನ್ನೂ ಬಿಟ್ಟಿರುವುದಿಲ್ಲ, ಮುಖದ ಫೋಟೋಕ್ಕೆ ಅದು ಒಳ್ಳೆಯದೇ.

ಇನ್ನು ರಾಜಾಸೀಟು. ಅದು ಪಶ್ಚಿಮಕ್ಕೆ ತೆರೆದ ಜಾಗ. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿರುವುದರಿಂದ ಮಂಜು ಗೋಡೆಗೆ ಸುಣ್ಣ ಬಳಿದಂತೆ ಚಪ್ಪಟೆಯಾಗಿ ಕಾಣುತ್ತದೆ. ಬೆಳಕು ಎದುರಿನಿಂದಲೋ ಪಕ್ಕದಿಂದಲೋ ಬರುವ ಕಡೆ ನಿಂತರೆ ಅದೇ ಮಂಜು ಹೊಳೆಯುತ್ತದೆ. ಬರೀ ಮಂಜಿನ ಮೇಲೆ ಕಣ್ಣು ನಿಲ್ಲುವುದಿಲ್ಲ, ಒಂಟಿ ಮರವೋ ರಸ್ತೆಯ ತಿರುವೋ ಬೇಕು. ಪರದೆಯ ಮೇಲೆ ಗೆರೆ ತೋರಿಸುವ ಗ್ರಿಡ್ ಆನ್ ಮಾಡಿ ಮರವನ್ನು ಪಕ್ಕದ ಗೆರೆಯ ಮೇಲಿಡಿ. ಬೆಟ್ಟದ ಸಾಲು ಸಾಲು ಬೇಕಿದ್ದರೆ ಝೂಮ್ ಮಾಡಿ, ಅಗಲ ಲೆನ್ಸಿನಲ್ಲಿ ಬೆಟ್ಟಗಳು ದಿಬ್ಬಗಳಾಗಿಬಿಡುತ್ತವೆ.

ಅಂದ ಹಾಗೆ, ಮಳೆಗಾಲದಲ್ಲಿ ಕ್ಯಾಮೆರಾವನ್ನು ಚೀಲದಲ್ಲಿಟ್ಟು ಮರೆಯಬೇಡಿ. ನನ್ನ ಮೊದಲ ಲೆನ್ಸು ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿದು ಹೋಯಿತು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಸಾಕು.