ತೀರ್ಪು ಬರುವ ತನಕ ಆಟಗಾರನ ಪರ ನಿಲ್ಲುವುದು ತಪ್ಪಾ?

ಮೆಚ್ಚಿನ ಆಟಗಾರನ ಮೇಲೆ ಹುಡುಗಿಯೊಬ್ಬಳು ದೂರು ಕೊಟ್ಟಿದ್ದಾಳೆ, ಕೋರ್ಟ್ ಹೇಳುವ ತನಕ ನಾವು ಅವನ ಪರ ನಿಂತರೆ ತಪ್ಪಾ ಅಂತ ಕೇಳಿದ್ದೀರಿ. ನಿಮಗಾದರೂ ಸಂಶಯ ಇದೆ. ನನಗೆ ಅದೂ ಇರಲಿಲ್ಲ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. 2013ರ ಮೇ ತಿಂಗಳಲ್ಲಿ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಕೇಸಿನಲ್ಲಿ ಕೇರಳದ ಕ್ರಿಕೆಟ್ ಬೌಲರ್ ಶ್ರೀಶಾಂತ್ ಅರೆಸ್ಟ್ ಆದಾಗ ಚಾ ಅಂಗಡಿಯಲ್ಲಿ ಅವರ ಪರ ಗಂಟಲು ಹರಿದುಕೊಂಡವ ನಾನು. 2015ರ ಜುಲೈಯಲ್ಲಿ ದೆಹಲಿಯ ಕೋರ್ಟ್ ಅವರನ್ನು ಕೇಸಿನಿಂದ ಕೈಬಿಟ್ಟಿತು. ಅವತ್ತು ಇಡೀ ಅಂಗಡಿಗೆ ಚಾ ಕೊಡಿಸಿದೆ. ಆರೋಪ ಅಂದ್ರೆ ಇಷ್ಟೇ ಅಂತ ತಲೆಯಲ್ಲಿ ಕೂತದ್ದು ಆಗಲೇ.

ಮರುವರ್ಷ ನಮ್ಮ ಕಡೆಯ ಒಬ್ಬ ಕಬಡ್ಡಿ ರೈಡರ್ ಮೇಲೆ ಹುಡುಗಿಯೊಬ್ಬಳ ದೂರು ಬಂತು. ಹೊನಲು ಬೆಳಕಿನ ಪಂದ್ಯಾಟ ಇದ್ದರೆ ಅವನ ಫ್ಲೆಕ್ಸ್ ಕಟ್ಟುವುದು ನಾನೇ. ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆ. ಕ್ಲಬ್ಬಿನ ಗ್ರೂಪಿಗೆ ಆ ಹುಡುಗಿಯ ಫೋಟೋ ಬಂತು. ಯಾರೋ ಹಾಕಿದ್ದು, ನಾನಲ್ಲ. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಅದನ್ನು ಫಾರ್ವರ್ಡ್ ಮಾಡಿದೆ. ಕೆಳಗೆ 'ಎರಡು ವರ್ಷ ಸುಮ್ನಿದ್ದು ಈಗ ಯಾಕೆ ಬಾಯಿ ಬಂತು?' ಅಂತ ಬರೆದೆ. ಬರೆದದ್ದು ಚೆನ್ನಾಗಿದೆ ಅನಿಸಿ ಮನೆಯವರ ಗ್ರೂಪಿಗೂ ಹಾಕಿದೆ. ದೊಡ್ಡ ಮಾವ ಹೆಬ್ಬೆರಳು ಎತ್ತಿದರು. ಒಟ್ಟು ಒಂದು ನಿಮಿಷದ ಕೆಲಸ.

ಆ ಗ್ರೂಪಿನಲ್ಲಿ ಚಿಕ್ಕಮ್ಮನ ಮಗಳೂ ಇದ್ದಳು. ಕಾಲೇಜು ತಂಡದ ಆಟಗಾರ್ತಿ. ಕೆಲವು ವಾರ ಕಳೆದು ಮಂಡಿನೋವು ಅಂತ ಆಟ ಬಿಟ್ಟಳು. ನಾನೇ ಎಣ್ಣೆ ತಂದುಕೊಟ್ಟಿದ್ದೆ. ನೋವು ಮಂಡಿಯದ್ದಲ್ಲ, ತರಬೇತಿ ಕೊಡುತ್ತಿದ್ದವನ ಕಾಟ ಅಂತ ಗೊತ್ತಾದದ್ದು ಎಂಟು ತಿಂಗಳ ಮೇಲೆ. ಮೊದಲೇ ಯಾಕೆ ಹೇಳಲಿಲ್ಲ ಅಂತ ಚಿಕ್ಕಮ್ಮ ಕೇಳಿದರಂತೆ. "ಅಣ್ಣ ಬರೆದದ್ದು ನೋಡಿದ್ದೆ" ಅಂದಳಂತೆ. ಈಗಲೂ ಮನೆಗೆ ಹೋದರೆ ಚಾ ತಂದಿಡುತ್ತಾಳೆ, ಮಾತಾಡುವುದಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ನೀವು ಅವನ ಪರ ನಿಂತರೂ ಬಿಟ್ಟರೂ ಅವನಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ನಿಮ್ಮ ಮನೆಯಲ್ಲಿ ಇರುವವರಿಗೆ. ಮತ್ತೆ ತೀರ್ಪು ಅಂತೀರಲ್ಲ, ಯಾವ ತೀರ್ಪು? ಕೋರ್ಟ್ ಬಿಟ್ಟ ಮೇಲೂ ಶ್ರೀಶಾಂತ್ ಮೇಲಿನ ನಿಷೇಧವನ್ನು ಬಿಸಿಸಿಐ ತೆಗೆಯಲಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಆಜೀವ ನಿಷೇಧವನ್ನು ರದ್ದು ಮಾಡಿ, ಶಿಕ್ಷೆ ಎಷ್ಟಿರಬೇಕು ಅಂತ ಮತ್ತೆ ಯೋಚಿಸಲು ಹೇಳಿತು. ಕೊನೆಗೆ ಅದು ಏಳು ವರ್ಷಕ್ಕೆ ಇಳಿಯಿತು. ನಾನು ಚಾ ಕೊಡಿಸಿದ್ದು ಅರ್ಧ ಕಥೆಗೆ.

ಆ ಹುಡುಗಿಯ ಹೆಸರು, ಫೋಟೋ ನಿಮ್ಮ ಫೋನಿನಲ್ಲಿದ್ದರೆ ಯಾರಿಗೂ ಕಳಿಸಬೇಡಿ. ಅತ್ಯಾಚಾರದ ದೂರಾದರೆ ಗುರುತು ಬಯಲು ಮಾಡಿದವರಿಗೆ ಎರಡು ವರ್ಷದ ತನಕ ಜೈಲು ಇದೆ. ಮೊದಲು ಐಪಿಸಿ 228ಎ, ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಆಟ ನೋಡಬೇಕು ಅನಿಸಿದರೆ ನೋಡಿ. ನಾನೂ ಪಂದ್ಯಾಟಕ್ಕೆ ಹೋಗುತ್ತೇನೆ. ಫ್ಲೆಕ್ಸ್‌ಗೆ ಮಾತ್ರ ದುಡ್ಡು ಕೊಡುವುದಿಲ್ಲ.