ಮಾಲೀಕರ ಅನುಮತಿ, ಕಾರ್ಮಿಕನ ಒಪ್ಪಿಗೆ

ಸಯನ್‌ನ ಓದುಗರೊಬ್ಬರ ಪತ್ರ: “ನಾನು ಸಮಾಜಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ಮುಂಬೈಯ ಉಡುಪಿ ಹೋಟೆಲುಗಳ ಕಾರ್ಮಿಕರ ಬಗ್ಗೆ ಕಿರುಪ್ರಬಂಧ ಬರೆಯುತ್ತಿದ್ದೇನೆ. ಮಾಲೀಕರ ಅನುಮತಿ ಪಡೆದು ಹದಿನಾಲ್ಕು ಮಂದಿಯ ಮಾತನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡಿದ್ದೇನೆ. ಈಗ ಸಂಶೋಧನೆ ನೀತಿಬದ್ಧವಾಗಿದೆಯೇ ಎಂದು ನೋಡುವ ಕಾಲೇಜಿನ ನೈತಿಕ ಸಮಿತಿ ಪ್ರತಿಯೊಬ್ಬರ ಒಪ್ಪಿಗೆ ಪತ್ರ ಕೇಳುತ್ತಿದೆ. ನಾನು ಯಾರ ರಕ್ತವನ್ನೂ ತೆಗೆದಿಲ್ಲ, ಔಷಧ ಕೊಟ್ಟಿಲ್ಲ, ಮಾತನಾಡಿಸಿದ್ದೇನೆ ಅಷ್ಟೆ. ಹೆಸರು ಬದಲಿಸಿದರೆ ಸಾಲದೇ?”

ಸಂಪಾದಕರ ಉತ್ತರ:

ಸಾಲದು. ಇದನ್ನು ನಾನು ತಪ್ಪು ಮಾಡಿ ಕಲಿತವನಾಗಿ ಹೇಳುತ್ತಿದ್ದೇನೆ. ಪತ್ರಿಕಾವೃತ್ತಿಗೆ ಬಂದ ಹೊಸತರಲ್ಲಿ ಹೋಟೆಲೊಂದರ ಅಡುಗೆಮನೆಯ ಹುಡುಗನ ಬಗ್ಗೆ ಲೇಖನ ಬರೆದೆ. ಹೆಸರು ಬದಲಿಸಿದ್ದೆ. ಆದರೆ ಅವನ ತೋರುಬೆರಳಿನ ತುದಿ ರುಬ್ಬುವ ಯಂತ್ರಕ್ಕೆ ಹೋದದ್ದನ್ನೂ, ಮೂರು ತಿಂಗಳ ಸಂಬಳ ಬಾಕಿ ಇದ್ದದ್ದನ್ನೂ ಬರೆದಿದ್ದೆ. ಆ ಬೀದಿಯಲ್ಲಿ ಅಂಥ ಬೆರಳು ಇದ್ದದ್ದು ಒಬ್ಬನಿಗೇ. ವಾರದೊಳಗೆ ಅವನ ಕೆಲಸ ಹೋಯಿತು. ಕೆಲಸದ ಜೊತೆಗೆ ಮಲಗುವ ಜಾಗವೂ ಹೋಯಿತು, ಏಕೆಂದರೆ ಅವನು ಮಲಗುತ್ತಿದ್ದದ್ದು ಹೋಟೆಲಿನ ಅಟ್ಟದಲ್ಲಿ. ಅವನನ್ನು ಮತ್ತೆ ಹುಡುಕಲು ನನಗೆ ಆಗಲಿಲ್ಲ.

ನಮ್ಮ ಮುಂಬೈ ಕನ್ನಡಿಗರ ಲೋಕ ಚಿಕ್ಕದು. “ಮಾಟುಂಗಾದಲ್ಲಿ ದೋಸೆ ಹಾಕುವ ಕುಂದಾಪುರದವನು, ಮೊದಲು ಫೋರ್ಟ್‌ನಲ್ಲಿದ್ದ, ರಾತ್ರಿ ಶಾಲೆಯಲ್ಲಿ ಓದಿದ” ಎಂದರೆ ಸಾಕು, ಗುರುತಿಸುವವರು ಹತ್ತು ಜನ ಸಿಗುತ್ತಾರೆ. ಆದ್ದರಿಂದ ಊರು, ಬಡಾವಣೆ, ಕೆಲಸ ಬಿಟ್ಟ ಕಾರಣ, ಮೈಮೇಲಿನ ಗುರುತು, ಎಲ್ಲವನ್ನೂ ತೂಗಿ ನೋಡಬೇಕು. ನಿಜವಾದ ಹೆಸರುಗಳ ಪಟ್ಟಿ ಒಂದು ಕಡೆ, ಧ್ವನಿಮುದ್ರಣ ಇನ್ನೊಂದು ಕಡೆ ಇರಲಿ.

ಇನ್ನು ಅನುಮತಿಯ ಮಾತು. ಮಾಲೀಕರು ಕೊಡಬಹುದಾದದ್ದು ನೀವು ಹೋಟೆಲಿನೊಳಗೆ ಬರುವ ಅನುಮತಿ ಮಾತ್ರ. ಧಣಿಯೇ ಗಲ್ಲಾದಿಂದ ಎದ್ದು ಬಂದು “ಈ ಅಕ್ಕನ ಹತ್ತಿರ ಮಾತನಾಡು” ಎಂದಾಗ ಯಾವ ಹುಡುಗ ಒಲ್ಲೆ ಎಂದಾನು? ಹಾಗೆ ಬಂದ ಮಾತನ್ನು ಒಪ್ಪಿಗೆಯಿಂದ ಬಂದದ್ದು ಎಂದು ನಾನು ಒಪ್ಪಲಾರೆ. ಏನು ಕೇಳುತ್ತೀರಿ, ಯಾರು ಓದುತ್ತಾರೆ, ನಡುವೆ ನಿಲ್ಲಿಸಬಹುದೇ, ಬೇಡವೆಂದರೆ ಏನೂ ಆಗುವುದಿಲ್ಲವೇ, ಇಷ್ಟನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಅಥವಾ ತುಳುವಿನಲ್ಲಿ ಹೇಳಿ. ಓದು ಬಾರದವರಿಗೆ ಓದಿ ಹೇಳಿ, ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಹೆಬ್ಬೆಟ್ಟು ಪಡೆಯಿರಿ. ಆ ಸಾಕ್ಷಿ ಮ್ಯಾನೇಜರ್ ಆಗಕೂಡದು.

ರಕ್ತ ತೆಗೆಯದಿದ್ದರೆ ಇದೆಲ್ಲ ಬೇಡ ಎಂಬುದು ಹಳೆಯ ಭ್ರಮೆ. ಆರೋಗ್ಯ ಕುರಿತ ಸಮಾಜವಿಜ್ಞಾನ ಸಂಶೋಧನೆಗೆ ನೈತಿಕ ಸೂತ್ರಗಳನ್ನು ಇದೇ ಮುಂಬೈಯ ಸೇಹತ್ (CEHAT) ಎಂಬ ಆರೋಗ್ಯ ಸಂಶೋಧನಾ ಸಂಸ್ಥೆ 2000ದಲ್ಲೇ ಪ್ರಕಟಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಸಮಾಜ ಮತ್ತು ನಡವಳಿಕೆಯ ಅಧ್ಯಯನಗಳಿಗೇ ಪ್ರತ್ಯೇಕ ಅಧ್ಯಾಯವಿದೆ.

ಹದಿನಾಲ್ವರ ವಯಸ್ಸನ್ನು ನೀವು ಬರೆದಿಲ್ಲ. ನನಗೆ ಹೆಚ್ಚು ಆತಂಕವಿರುವುದು ಅಲ್ಲೇ. ಹದಿನೆಂಟು ತುಂಬದವರಿದ್ದರೆ ತಂದೆತಾಯಿಯ ಅನುಮತಿ ಬೇಕು, ಹುಡುಗನ ಸಮ್ಮತಿಯೂ ಬೇಕು. 12 ದಾಟಿದವರದು ಲಿಖಿತವಾಗಿರಬೇಕು ಎನ್ನುತ್ತದೆ ಆ ಮಾರ್ಗಸೂಚಿ. ಹೆತ್ತವರು ಊರಿನಲ್ಲಿದ್ದು ತಲುಪಲಾಗದಿದ್ದರೆ ಆ ಮಾತುಗಳನ್ನು ಬಿಟ್ಟುಬಿಡಿ. ಹದಿನಾಲ್ಕಕ್ಕಿಂತ ಕೆಳಗಿನವರನ್ನು ಹೋಟೆಲಿನಲ್ಲಿ ದುಡಿಸುವುದೇ ಅಪರಾಧ. ಅಂಥ ಮಗು ಎದುರು ಕುಳಿತಾಗ “ಯಾರಿಗೂ ಹೇಳುವುದಿಲ್ಲ” ಎಂದು ಮಾತು ಕೊಡಬೇಡಿ. ಗುಟ್ಟು ಉಳಿಸಲಾಗದ ಸಂದರ್ಭ ಯಾವುದೆಂದು ಮೊದಲೇ ಹೇಳಿ, ನಿಮ್ಮ ಮಾರ್ಗದರ್ಶಕರಿಗೂ ಅದೇ ದಿನ ತಿಳಿಸಿ.

ಈಗಾಗಲೇ ಧ್ವನಿಮುದ್ರಿಸಿಕೊಂಡದ್ದಕ್ಕೆ ಹಿಂದಿನ ದಿನಾಂಕ ಹಾಕಿ ಸಹಿ ಪಡೆಯುವ ಯೋಚನೆ ಬಂದಿದ್ದರೆ ದಯವಿಟ್ಟು ಬಿಡಿ. ನಡೆದದ್ದನ್ನು ನಡೆದಂತೆಯೇ ಸಮಿತಿಗೆ ಬರೆದು ಕೊಡಿ. ಅವರು ಒಪ್ಪಿದರೆ ಒಬ್ಬೊಬ್ಬರನ್ನೇ ಮತ್ತೆ ಕಂಡು, ಅವರದೇ ಧ್ವನಿಯನ್ನು ಕೇಳಿಸಿ, ಇದು ಇರಲೇ ಅಳಿಸಲೇ ಎಂದು ಕೇಳಿ. ಅಳಿಸಿ ಎಂದವರ ಎದುರಿನಲ್ಲೇ ಅಳಿಸಿ. ಮಧ್ಯಾಹ್ನ ಮೂರರ ಮೇಲೆ ಹೋಗಿ. ಊಟದ ಗಿರಾಕಿ ಮುಗಿದು ಸಂಜೆಯ ಚಹಾ ಶುರುವಾಗುವವರೆಗಿನ ಆ ಒಂದು ಗಂಟೆ ಅನೇಕರು ಹೋಟೆಲಿನ ಹೊರಗೆ, ಗಲ್ಲಾದ ಕಣ್ಣಿಗೆ ಬೀಳದ ಕಡೆ, ಕುಳಿತಿರುತ್ತಾರೆ.